ಚಕ್ಕುಲಿಗೆ ಕೊಬ್ಬರಿಯ ಕವಚ

ದೇವರನ್ನು ನಂಬಿದ್ದೇನೆ, ಕಟ್ಟಿಕೊಂಡ ಗಂಡನನ್ನು ನಂಬಿದ್ದೇನೆ, ‘ನಾಳೆ ಬೆಳಗ್ಗೆ ಗ್ಯಾರಂಟಿ ಬರ್ತೀನಿ ಮೇಡಂ’ ಎಂದು ಹೇಳಿ ಹೋದ ಪ್ಲಂಬರನನ್ನೂ ನಂಬಿ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದೇನೆ. ಆದರೆ ನನ್ನ ಬ್ಯಾಗನ್ನು ಗುರುತು ಪರಿಚಯವಿಲ್ಲದವರ ಕೈಗೆ ಕೊಟ್ಟು, ಅವರು ಹರಿದುಕೊಟ್ಟ ಚೀಟಿ ಹಿಡಿದು ಆರಾಮಾಗಿ ಕಾಫಿ ಕುಡಿಯುವಷ್ಟು ದೊಡ್ಡ ಮನಸ್ಸು ಮಾತ್ರ ನನಗಿಲ್ಲ. ಇದು ತವರಿನಿಂದ ಬಂದ ಬಳುವಳಿ. ನಮ್ಮಮ್ಮ ಹುಲಿಯೂರುದುರ್ಗದಿಂದ ಕುಣಿಗಲ್ಲಿಗೆ ಬಸ್ಸಿನಲ್ಲಿ ಹೊರಟರೆ, ಕಂಡಕ್ಟರು ಅವಳ ಚೀಲವನ್ನು ಡ್ರೈವರ್ ಪಕ್ಕ ಇಟ್ಟ ಕ್ಷಣದಿಂದ ಅವಳ ಜೀವವೂ ಅಲ್ಲೇ ಇರುತ್ತಿತ್ತು. ಪ್ರತಿ ಸ್ಟಾಪಿನಲ್ಲೂ ಎದ್ದು ನಿಂತು, ‘ನನ್ ಚೀಲ ಐತೇನಪ್ಪಾ?’ ಎಂದು ಕೂಗುವಳು. ‘ಐತೆ ಕಣಮ್ಮೋ, ಎಲ್ಲಿಗೋಯ್ತದೆ?’ ಎಂದು ಕಂಡಕ್ಟರು ಹೇಳಿ ಹೇಳಿ ಸುಸ್ತಾಗುತ್ತಿದ್ದ. ಚೀಲದ ಒಳಗೆ ಇರುತ್ತಿದ್ದುದು ಹೆಚ್ಚೆಂದರೆ ಹುರುಳಿಕಾಳು.

ಅಂಥ ತಾಯಿಯ ಮಗಳಾದ ನಾನು ಮೊದಲ ಸಲ ವಿಮಾನ ಹತ್ತುವ ಪ್ರಸಂಗ ಬಂದದ್ದು ಸಿಂಧುವಿನ ಬಸಿರಿನಿಂದ. ಸಿಂಧು ನನ್ನ ನಾದಿನಿ ಪುಷ್ಪಳ ಮಗಳು. ಗಂಡನ ಜೊತೆ ಜೈಪುರದಲ್ಲಿದ್ದಾಳೆ. ಪ್ರಯಾಣ ಮಾಡಬೇಡ ಎಂದು ಡಾಕ್ಟರು ಹೇಳಿದ್ದರಿಂದ ಸೀಮಂತವನ್ನು ಅಲ್ಲೇ ಇಟ್ಟುಕೊಂಡರು. ಪುಷ್ಪ ಕುಣಿಗಲ್ಲಿನಿಂದ ಮೊದಲೇ ಹೋಗಿ ಮಗಳ ಮನೆಯಲ್ಲಿ ಠಿಕಾಣಿ ಹೂಡಿದ್ದಳು. ಅಲ್ಲಿಂದ ನನಗೆ ಫೋನು. ‘ಅತ್ತಿಗೆ, ಇವಳಿಗೆ ನಿಮ್ ಕೈ ಚಕ್ಲಿ ತಿನ್ಬೇಕಂತೆ. ಕನಸಲ್ಲೂ ಚಕ್ಲಿ ಅಂತ ಬಡಬಡಿಸ್ತಾಳೆ. ಅಕ್ಕಪಕ್ಕದ ಹೆಂಗಸರಿಗೆಲ್ಲ ನಮ್ಮತ್ತಿಗೆ ಚಕ್ಲಿ ನೋಡ್ರಿ ಅಂತ ಹೇಳ್ಬಿಟ್ಟಿದೀನಿ. ತಟ್ಟೇಲಿ ಜೋಡಿಸಿ ಇಡ್ಬೇಕು. ಒಂದೂ ಮುರೀಬಾರ್ದು ಕಣತ್ತಿಗೆ, ಶುಭಕಾರ್ಯ!’

ಹೊಗಳಿಕೆಗೆ ನಾನು ಬೇಗ ಸೋಲುತ್ತೇನೆ. ನಾನಿರುವುದು ತುಮಕೂರಿನಲ್ಲಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪಾಠದ ಬಗ್ಗೆ ಇಷ್ಟು ವರ್ಷಗಳಲ್ಲಿ ಯಾರೂ ಒಳ್ಳೆಯ ಮಾತಾಡಿದ್ದಿಲ್ಲ. ಚಕ್ಕುಲಿಯ ಬಗ್ಗೆ ಮಾತ್ರ ಹೆಬ್ಬೂರಿನ ತನಕ ಹೆಸರಿದೆ. ನನ್ನ ಚಕ್ಕುಲಿಯ ಗುಣವೇ ಅದು, ಬಾಯಲ್ಲಿಟ್ಟರೆ ಕರಗಬೇಕು. ಆದರೆ ಬಾಯಲ್ಲಿ ಕರಗುವ ವಸ್ತು ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಯೋಚಿಸಿದಾಗಲೇ ನನಗೆ ಬೆವರು ಕಿತ್ತುಕೊಂಡು ಬಂತು.

‘ಕೈಯಲ್ಲೇ ತಗೊಂಡು ಹೋದರಾಯ್ತಪ್ಪ’ ಎಂದು ನೀವು ಹೇಳಬಹುದು. ನಮ್ಮ ಮನೆಯವರೂ ಹೇಳಿದರು. ಆದರೆ ನನ್ನ ಕೈಚೀಲದಲ್ಲಿ ಸೀಮಂತದ ಹಸಿರು ಗಾಜಿನ ಬಳೆಗಳು ಹತ್ತಿಯೊಳಗೆ ಮಲಗಿದ್ದವು. ಅವರ ಕೈಚೀಲದಲ್ಲಿ ಬೆಳ್ಳಿ ತಟ್ಟೆ, ಬೆಳ್ಳಿ ಲೋಟ, ಬಿ.ಪಿ. ಮಾತ್ರೆ. ಒಬ್ಬರಿಗೆ ಒಂದೇ ಕೈಚೀಲವಂತೆ, ಚಕ್ಕುಲಿಗೆ ಜಾಗವೆಲ್ಲಿ? ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿ ಕೌಂಟರಿನವರಿಗೆ ಒಪ್ಪಿಸಲೇಬೇಕು. ನನ್ನ ಸಂಕಟವನ್ನು ಸ್ಟಾಫ್ ರೂಮಿನಲ್ಲಿ ತೋಡಿಕೊಂಡೆ. ತೋಡಿಕೊಳ್ಳಬಾರದಿತ್ತು. ಪಿ.ಟಿ. ಮಾಸ್ತರು ತಮ್ಮ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಅದರಲ್ಲಿ ಯಾರೋ ಇಬ್ಬರು ಸೂಟ್‌ಕೇಸುಗಳನ್ನು ತೆಂಗಿನಕಾಯಿ ಎಸೆದ ಹಾಗೆ ಎಸೆಯುತ್ತಿದ್ದರು. ಮಾಸ್ತರಿಗೆ ಅಷ್ಟಕ್ಕೇ ತೃಪ್ತಿಯಾಗದೆ ನನ್ನ ಟಿಫಿನ್ ಬ್ಯಾಗನ್ನೇ ತೆಗೆದುಕೊಂಡು ‘ಹಿಂಗೆ ಮೇಡಂ, ಹಿಂಗೆ!’ ಎಂದು ಎಸೆದೂ ತೋರಿಸಿದರು. ಆ ದಿನ ಮಧ್ಯಾಹ್ನ ನಾನು ಸಾರನ್ನ ತಿನ್ನಲಿಲ್ಲ. ಕನ್ನಡದ ಮೇಡಂ, ಬಟ್ಟೆಯ ಮಧ್ಯೆ ಇಡಿ ಎಂದರು. ಗಣಿತದವರು, ಕಡ್ಲೆಪುರಿ ತುಂಬಿ ಅದರೊಳಗೆ ಹೂತುಬಿಡಿ ಎಂದರು. ತಟ್ಟೆ ಇಡ್ಲಿ ಎಂದರೆ ಪ್ರಾಣ ಬಿಡುವ ನಮ್ಮ ಕ್ಲರ್ಕು, ಎರಡು ತಟ್ಟೆ ಇಡ್ಲಿಯ ನಡುವೆ ಒಂದೊಂದು ಚಕ್ಕುಲಿ ಇಟ್ಟರೆ ದಿಂಬಿನ ಮೇಲೆ ಮಲಗಿದ ಹಾಗೆ ಹೋಗುತ್ತದೆ ಎಂದು ತುಂಬ ಗಂಭೀರವಾಗಿ ಹೇಳಿದ. ಹಾಳಾದ್ದು, ನಾನು ಒಂದು ಕ್ಷಣ ಅದನ್ನೂ ಯೋಚಿಸಿದೆ.

ಕೊನೆಗೆ ದಾರಿ ತೋರಿಸಿದ್ದು ಗುಬ್ಬಿಯ ಭಾವ. ನಮ್ಮವರ ಅಣ್ಣ, ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದಾರೆ. ಲೋಕದ ಯಾವ ಸಮಸ್ಯೆಗೂ ಅವರು ಕೊಬ್ಬರಿಯಲ್ಲೇ ಪರಿಹಾರ ಹುಡುಕುವವರು. ಕೂದಲು ಉದುರಿದರೆ, ಮಂಡಿ ನೋವಾದರೆ, ಮಕ್ಕಳು ಓದದಿದ್ದರೆ, ಎಲ್ಲಕ್ಕೂ ಕೊಬ್ಬರಿ. ನನ್ನ ಕಥೆ ಕೇಳಿದವರೇ ಒಂದು ಉಂಡೆ ಕೊಬ್ಬರಿ ತರಿಸಿ, ಎರಡು ಹೋಳು ಮಾಡಿ ನನ್ನ ಕೈಗಿಟ್ಟರು. ಈ ಹೋಳಿಗೆ ನಮ್ಮ ಕಡೆ ಗಿಟುಕು ಎನ್ನುತ್ತಾರೆ.

‘ನೋಡು ತಾಯಿ, ಈ ಗಿಟುಕಿನ ಅಳತೆಗೆ ಚಕ್ಲಿ ಒತ್ತು. ಒಳೀಕಿಟ್ಟು, ಮೇಲೊಂದು ಗಿಟುಕು ಮುಚ್ಚಿ, ದಾರ ಸುತ್ಬುಡು. ಆನೆ ತುಳುದ್ರೂ ಏನಾಗಕಿಲ್ಲ. ಅಲ್ಲಿ ಬಿಚ್ಚಿದ್ರೆ ಚಕ್ಲಿಗೆ ಚಕ್ಲಿನೂ ಆಯ್ತು, ಮಡಿಲು ತುಂಬಕ್ಕೆ ಕೊಬ್ರಿನೂ ಆಯ್ತು.’

ನಮ್ಮವರು, ‘ಅಣ್ಣ, ವಿಮಾನದವರು ಒಪ್ತಾರಾ?’ ಎಂದು ರಾಗ ಎಳೆದರು.

‘ಏನ್ಲಾ ನೀನು, ಕೊಬ್ರಿ ಬ್ಯಾಡ ಅನ್ನೋರು ಪ್ರಪಂಚದಾಗೆ ಅವ್ರೇನ್ಲಾ? ಸುಮ್ಕಿರು.’

ಮರುದಿನವೇ ಅಡುಗೆಮನೆಯಲ್ಲಿ ಕೆಲಸ ಶುರುವಾಯಿತು. ನಾನು ಒಂದು ಕೈಯಲ್ಲಿ ಗಿಟುಕು ಹಿಡಿದು ಅಳತೆ ನೋಡುತ್ತ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಎಣ್ಣೆ ನೋಡುತ್ತ ಚಕ್ಕುಲಿ ಕರಿದೆ. ದರ್ಜಿ ಅಳತೆ ತೆಗೆದುಕೊಂಡು ರವಿಕೆ ಹೊಲಿದ ಹಾಗೆ ಒಂದೊಂದೂ ಗಿಟುಕಿನೊಳಗೆ ಸರಿಯಾಗಿ ಕೂತಿತು. ಭಾವ ಪರೀಕ್ಷೆ ಮಾಡದೆ ಬಿಡುವವರಲ್ಲ, ನಮ್ಮನ್ನು ಗುಬ್ಬಿಗೆ ಕರೆಸಿಕೊಂಡರು. ದಾರ ಸುತ್ತಿದ ಒಂದು ಜೋಡಿಯನ್ನು ಮಂಡಿಯ ಅಟ್ಟ ಹತ್ತಿ ಅಲ್ಲಿಂದ ಕೆಳಗೆ ಬಿಟ್ಟರು. ಅದು ಟಪ್ಪೆಂದು ನೆಲಕ್ಕೆ ಬಿದ್ದು, ಪುಟಿದು, ಉರುಳಿಕೊಂಡು ಹೋಗಿ ತಕ್ಕಡಿಯ ಕೆಳಗೆ ನಿಂತಿತು. ಬಿಚ್ಚಿ ನೋಡಿದರೆ ಚಕ್ಕುಲಿ ಒಂದು ಸುತ್ತೂ ಬಿಡದೆ ಹಾಗೇ ಇತ್ತು! ಹಮಾಲರೆಲ್ಲ ಚಪ್ಪಾಳೆ ತಟ್ಟಿದರು. ನನಗಂತೂ ಅಲ್ಲೇ ಕುಣಿಯಬೇಕೆನಿಸಿತು. ಸೂಟ್‌ಕೇಸಿನ ತುಂಬ ಕೊಬ್ಬರಿ ಜೋಡಿಗಳನ್ನು ಸಾಲಾಗಿ ಇಟ್ಟು, ನನ್ನ ಹೊಸ ರೇಷ್ಮೆ ಸೀರೆಯನ್ನು ಮೇಲೆ ಹೊದಿಸಿ, ಬೀಗ ಹಾಕಿ, ಬೀಗದ ಮೇಲೆ ಕುಂಕುಮವನ್ನೂ ಇಟ್ಟೆ.

ಭಾವನೇ ತಮ್ಮ ವ್ಯಾನಿನಲ್ಲಿ ನಮ್ಮನ್ನು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಿಟ್ಟುಹೋದರು. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಲಕ್ಷಣವಾಗಿ ಕನ್ನಡದಲ್ಲೇ ಕೇಳಿದಳು. ‘ಮೇಡಂ, ಈ ಬ್ಯಾಗಲ್ಲಿ ಪವರ್ ಬ್ಯಾಂಕ್, ಲೈಟರ್, ಕೊಬ್ರಿ ಏನಾದ್ರೂ ಇದ್ಯಾ?’

ಮೊದಲಿನೆರಡು ನನ್ನ ತಲೆಗೆ ಹೋಗಲೇ ಇಲ್ಲ. ಕೊಬ್ಬರಿ ಎಂದದ್ದೇ ತಡ, ನನ್ನ ಮುಖ ಅರಳಿತು. ನಾವು ತುಮಕೂರಿನವರು ಎಂದು ಈ ಮಗುವಿಗೆ ಹೇಗೋ ಗೊತ್ತಾಗಿದೆ, ಬಾಯಿಬಿಟ್ಟು ಕೇಳುತ್ತಿದೆ, ಇಲ್ಲ ಎನ್ನುವುದು ಹೇಗೆ? ‘ಇದೆ ಕಣಮ್ಮಾ, ಬೇಕಾದಷ್ಟಿದೆ! ಗುಬ್ಬೀದು, ಒಳ್ಳೇ ಮಾಲು. ನಿಂಗೆ ಎಷ್ಟು ಬೇಕು?’ ಎಂದೆ.

ಹುಡುಗಿ ಎದುರಿಗಿದ್ದ ಚಿತ್ರಗಳ ಫಲಕವನ್ನು ನನ್ನ ಕಡೆ ತಿರುಗಿಸಿದಳು. ಬಾಂಬು, ಬಂದೂಕು, ಪಟಾಕಿ, ಆಸಿಡ್ಡು. ಇವುಗಳ ಸಾಲಿನಲ್ಲಿ, ಅಪರಾಧಿಗಳ ನಡುವೆ ಸಿಕ್ಕಿಬಿದ್ದ ನೆಂಟನ ಹಾಗೆ, ನಮ್ಮ ಕೊಬ್ಬರಿ! ‘ಅದರಲ್ಲಿ ಎಣ್ಣೆ ಇರತ್ತೆ ಮೇಡಂ, ಬೆಂಕಿ ಹತ್ಕೊಳ್ಳತ್ತೆ. ಕಳಿಸೋ ಹಾಗಿಲ್ಲ, ಪೂರ್ತಿ ತೆಗೀಬೇಕು’ ಎಂದಳು.

‘ಕೈಯಲ್ಲಿ ತಗೊಂಡು ಹೋದ್ರೆ?’

‘ಕೈಯಲ್ಲೂ ಆಗಲ್ಲ.’

‘ಹೊಟ್ಟೇಲಿ?’ ಎಂದರು ನಮ್ಮವರು.

ಹುಡುಗಿ ನಗು ತಡೆದುಕೊಳ್ಳಲು ತುಟಿ ಕಚ್ಚಿಕೊಂಡಳು. ‘ಅದಕ್ಕೆ ರೂಲ್ಸ್ ಇಲ್ಲ ಸಾರ್.’

ಕೊಬ್ಬರಿ ಹೋದರೆ ಹೋಗಲಿ, ಚಕ್ಕುಲಿಯ ಗತಿ? ಕವಚ ಕಳಚಿಕೊಂಡು ನನ್ನ ಚಕ್ಕುಲಿಗಳು ಆ ಎಸೆಯುವವರ ಕೈಗೆ ಹೋಗಬೇಕು! ಭಾವನಿಗೆ ಫೋನು ಹಚ್ಚಿ, ನಿಮ್ಮ ಕೊಬ್ಬರಿಯನ್ನು ಬಾಂಬಿನ ಪಕ್ಕ ಕೂರಿಸಿದ್ದಾರೆ ಎಂದು ಅಳುವ ದನಿಯಲ್ಲಿ ಹೇಳಿದೆ. ಅವರಿಗೆ ಕೋಪ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಹೆಮ್ಮೆ. ‘ಹಂಗಂದ್ರಾ? ನೋಡ್ದಾ ತಾಯಿ, ಎಣ್ಣೆ ಅಂಶ ಎಷ್ಟೈತೆ ಅಂತ ನೋಡಿದ್ ತಕ್ಷಣ ಗೊತ್ತಾಗೋಗದೆ ಅವ್ರಿಗೆ! ಬ್ಯಾರೆ ಕಡೆ ಮಾಲಾಗಿದ್ರೆ ಬುಟ್ಬುಡೋರು’ ಎಂದು ಸಂತೋಷದಿಂದ ಫೋನಿಟ್ಟರು. ಇದನ್ನು ಅವರು ಈಗಲೂ ಮಂಡಿಗೆ ಬಂದವರಿಗೆಲ್ಲ ಹೇಳುತ್ತಾರೆ.

ಕೌಂಟರಿನ ಪಕ್ಕದಲ್ಲೇ ಸೂಟ್‌ಕೇಸು ಬಿಚ್ಚಿಕೊಂಡು ನೆಲದ ಮೇಲೆ ಕೂತೆವು. ನಾನು ದಾರ ಬಿಚ್ಚುವುದು, ನಮ್ಮವರು ಗಿಟುಕು ಪೇರಿಸುವುದು. ಕಸದ ಡಬ್ಬಿ ಅಲ್ಲೇ ಇತ್ತು, ನಿಜ. ಆದರೆ ಸೀಮಂತದ ಕೊಬ್ಬರಿಯನ್ನು ಕಸಕ್ಕೆ ಹಾಕಲು ಯಾವ ಕೈ ಬರುತ್ತದೆ? ಎದ್ದು ನಿಂತು ಸಾಲಿನಲ್ಲಿದ್ದವರಿಗೆಲ್ಲ ಹಂಚತೊಡಗಿದೆ. ‘ತಗೊಳ್ಳಿ, ಬಸುರಿ ಹುಡುಗೀದು, ಬೇಡ ಅನ್ನಬಾರದು. ಆದರೆ ಇಲ್ಲೇ ತಿಂದುಬಿಡಿ, ಒಳಗೆ ಬಿಡಲ್ಲ.’ ಮೊದಲು ಹಿಂದೆ ಮುಂದೆ ನೋಡಿದವರು ಆಮೇಲೆ ತಾವೇ ಕೈ ಚಾಚಿದರು. ಕೋಟು ತೊಟ್ಟ ಒಬ್ಬ ಮಹಾಶಯರು ಗಿಟುಕನ್ನು ಟ್ರಾಲಿಯ ಕಂಬಿಗೆ ಕುಟ್ಟಿ ಚೂರು ಮಾಡಿ, ಹಿಂದಿನವರಿಗೂ ಕೊಟ್ಟರು. ಒಬ್ಬಾಕೆ ಬೆಲ್ಲ ಇಲ್ಲವೇ ಎಂದು ಕೇಳಿದಳು. ಸ್ವಲ್ಪ ಹೊತ್ತಿನಲ್ಲಿ ಆ ಸಾಲಿಗೆ ಸಾಲೇ ಕಟಂ ಕಟಂ ಎಂದು ದವಡೆ ಆಡಿಸುತ್ತ ಮುಂದೆ ಸರಿಯುತ್ತಿತ್ತು. ನನ್ನ ಸಂಕಟದ ನಡುವೆಯೂ ನಗು ಉಕ್ಕಿ ಬಂದು, ನಮ್ಮವರ ಭುಜ ಹಿಡಿದುಕೊಂಡು ನಕ್ಕೆ.

ಈಗ ಬೆತ್ತಲೆ ಚಕ್ಕುಲಿ. ಬೇರೆ ದಾರಿ ಕಾಣದೆ, ಸೀಮಂತಕ್ಕೆ ಉಡಬೇಕೆಂದು ಇಟ್ಟುಕೊಂಡಿದ್ದ ರೇಷ್ಮೆ ಸೀರೆಯನ್ನು ಬಿಚ್ಚಿ ಹಾಸಿ, ಮಡಿಕೆಗೊಂದರಂತೆ ಚಕ್ಕುಲಿ ಇಟ್ಟು ಸುತ್ತಿದೆ. ಸುತ್ತಲೂ ನಮ್ಮವರ ಪಂಚೆ, ಟವೆಲು. ಸೀರೆಗೆ ಎಣ್ಣೆ ಹತ್ತುವುದು ಕಣ್ಣಿಗೆ ಕಾಣುತ್ತಿತ್ತು. ಹತ್ತಲಿ, ಸಿಂಧುವಿನ ಬಯಕೆಗಿಂತ ಸೀರೆ ಹೆಚ್ಚೇ? ಸೂಟ್‌ಕೇಸು ಬೆಲ್ಟಿನ ಮೇಲೆ ಸಾಗಿ ರಬ್ಬರಿನ ಪರದೆಯ ಹಿಂದೆ ಮರೆಯಾದಾಗ ನನಗೆ ಮಗಳನ್ನು ಗಂಡನ ಮನೆಗೆ ಕಳಿಸಿದಷ್ಟು ದುಃಖವಾಯಿತು. ವಿಮಾನದಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೂ ಮೋಡ ನೋಡಲಿಲ್ಲ. ವಿಮಾನ ಒಂದೊಂದು ಸಲ ಕುಲುಕಿದಾಗಲೂ ಕಾಲ ಕೆಳಗೆ ಒಂದೊಂದು ಚಕ್ಕುಲಿ ಮುರಿದ ಸದ್ದು ನನಗೊಬ್ಬಳಿಗೆ ಕೇಳುತ್ತಿತ್ತು. ‘ಕಣ್ಣು ಮುಚ್ಚಿ ಮಲಗೇ’ ಎಂದು ನಮ್ಮವರು ಗದರಿದರು. ಹಿಂದಿನ ಎರಡು ರಾತ್ರಿಯೂ ನಾನು ಸರಿಯಾಗಿ ಮಲಗಿರಲಿಲ್ಲ. ಆದರೂ ನಿದ್ದೆ ಹತ್ತಿರ ಸುಳಿಯಲಿಲ್ಲ.

ಜೈಪುರದಲ್ಲಿ ಬೆಲ್ಟಿನ ಮೇಲೆ ನಮ್ಮ ಸೂಟ್‌ಕೇಸು ಮಗ್ಗುಲಾಗಿ ಮಲಗಿಕೊಂಡು ಬಂತು. ಎಳೆದುಕೊಂಡವಳೇ ಅಲ್ಲೇ ನೆಲಕ್ಕೆ ಕೂತು ಬೀಗ ತೆಗೆದೆ. ಒಂದು ಮಡಿಕೆ ಬಿಚ್ಚಿದೆ, ಚಕ್ಕುಲಿ ಇಡಿಯಾಗಿತ್ತು. ಇನ್ನೊಂದು ಬಿಚ್ಚಿದೆ, ಅದೂ ಇಡಿ. ಕೊನೆಯ ಮಡಿಕೆಯ ತನಕ ಬಿಚ್ಚಿದರೂ ಒಂದು ಮುರಿದ ಚಕ್ಕುಲಿ ಸಿಗಲಿಲ್ಲ! ‘ರೀ, ಎಲ್ಲಾ ಹಂಗೇ ಇದಾವೆ ರೀ!’ ಎಂದು ಕಿರುಚಿದ್ದಕ್ಕೆ ಇಡೀ ನಿಲ್ದಾಣ ತಿರುಗಿ ನೋಡಿತು. ಚಕ್ಕುಲಿಗಳನ್ನು ಮತ್ತೆ ಹಾಗೇ ಸೀರೆಯಲ್ಲಿ ಸುತ್ತಿಟ್ಟು, ಪುಷ್ಪಳಿಗೆ ಫೋನು ಮಾಡಿ, ತಟ್ಟೆ ಒರೆಸಿಡು, ಹೆಂಗಸರನ್ನು ಕರೆದು ಕೂರಿಸು, ಬರುತ್ತಿದ್ದೇನೆ ಎಂದು ರಾಣಿಯ ಗತ್ತಿನಲ್ಲಿ ಹೇಳಿದೆ.

ಟ್ಯಾಕ್ಸಿ ಬಂತು. ನಮ್ಮವರು ಸೂಟ್‌ಕೇಸನ್ನು ಡಿಕ್ಕಿಗೆ ಹಾಕಲು ಹೋದರು. ‘ಖಂಡಿತ ಬೇಡ. ಇಷ್ಟು ದೂರ ಕಂಡವರ ಕೈಲಿ ಬಿಟ್ಟಿದ್ದು ಸಾಕು, ಇನ್ನು ಮನೆ ತನಕ ನನ್ನ ಕೈಯಲ್ಲೇ ಇರ್ಲಿ’ ಎಂದು ಸೀರೆಯ ಗಂಟನ್ನು ಹೊರತೆಗೆದು ಮಡಿಲಲ್ಲಿಟ್ಟುಕೊಂಡು, ಎರಡು ಕೈಯಿಂದಲೂ ತಬ್ಬಿ ಕೂತೆ. ಎಂಥ ನೆಮ್ಮದಿ! ಎಷ್ಟೋ ದಿನದ ಹೊರೆ ಇಳಿದ ಹಾಗಾಯಿತು. ಕಾರಿನಲ್ಲಿ ಎ.ಸಿ. ತಣ್ಣಗೆ ಬೀಸುತ್ತಿತ್ತು.

‘ಏಳೇ, ಮನೆ ಬಂತು’ ಎಂದು ನಮ್ಮವರು ಅಲುಗಿಸಿದಾಗ ಕಣ್ಣು ಬಿಟ್ಟೆ. ನಾನು ಗಂಟಿನ ಮೇಲೆ ಪೂರ್ತಿ ಬೋರಲು ಬಿದ್ದುಕೊಂಡು, ಗಲ್ಲ ಊರಿ, ಗಟ್ಟಿಯಾಗಿ ಅಪ್ಪಿಕೊಂಡು ಮಲಗಿದ್ದೆ. ನನ್ನ ದೇಹ ಕೃಶವಾದದ್ದೇನಲ್ಲ. ಗಂಟು ಮೊದಲಿಗಿಂತ ಸ್ವಲ್ಪ ತೆಳ್ಳಗಾದ ಹಾಗೆ ಕಂಡರೂ, ಬಾಗಿಲಲ್ಲಿ ಆರತಿ ಹಿಡಿದು ನಿಂತವರ ಮುಂದೆ ಅದನ್ನು ಬಿಚ್ಚಿ ನೋಡುವುದು ಹೇಗೆ? ನಡುಮನೆಯಲ್ಲಿ ಜೈಪುರದ ಹೆಂಗಸರೆಲ್ಲ ಸಾಲಾಗಿ ಕೂತಿದ್ದರು. ಸಿಂಧು ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಆಸೆಗಣ್ಣಿಂದ ನೋಡುತ್ತಿದ್ದಳು. ಪುಷ್ಪ ಗಂಟನ್ನು ಮಧ್ಯಕ್ಕಿಟ್ಟು ಬಿಚ್ಚಿದಳು. ಒಂದು ಮಡಿಕೆ, ಪುಡಿ. ಇನ್ನೊಂದು ಮಡಿಕೆ, ಅದೂ ಪುಡಿ. ಕೊನೆಯ ಮಡಿಕೆಯ ತನಕ ಬರೀ ಪುಡಿ, ಜರತಾರಿ ಅಂಚಿನ ತುಂಬ ಎಳ್ಳು, ಜೀರಿಗೆ.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಮ್ಮವರು ಗೋಡೆಯ ಕಡೆ ತಿರುಗಿಕೊಂಡರು, ಬೆನ್ನು ಕುಲುಕುತ್ತಿತ್ತು. ಸಿಂಧು ಮಾತ್ರ ಯಾರನ್ನೂ ಕೇಳದೆ ಸೀರೆಯಿಂದ ಒಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ‘ಅತ್ತೇ...’ ಎಂದಳು. ಇನ್ನೊಂದು ಹಿಡಿ ಎತ್ತಿಕೊಂಡಳು. ಅವಳ ಮುಖ ನೋಡಿ ನನ್ನ ಕಣ್ಣು ತುಂಬಿ ಬಂತು.

ಪುಷ್ಪ ಬಲು ಗಟ್ಟಿಗಿತ್ತಿ. ‘ಮುರಿದಿದ್ದು ತಾನೇ ಇಡಬಾರ್ದು? ಪುಡಿ ಇಡಬಾರ್ದು ಅಂತ ಯಾರೂ ಹೇಳಿಲ್ಲ’ ಎಂದು ನನ್ನ ಕಿವಿಯಲ್ಲಿ ಉಸುರಿ, ಉಳಿದದ್ದನ್ನು ಬಟ್ಟಲುಗಳಿಗೆ ತುಂಬಿ, ಚಮಚ ಇಟ್ಟು, ಇದು ತುಮಕೂರಿನ ಸ್ಪೆಷಲ್ ಎಂದು ಹಿಂದಿಯಲ್ಲಿ ಘೋಷಿಸಿಬಿಟ್ಟಳು. ಹೆಂಗಸರು ರುಚಿ ನೋಡಿ ತಲೆದೂಗಿದರು. ಇನ್ನಷ್ಟು ಹಾಕಿಸಿಕೊಂಡರು. ಅವರಲ್ಲಿ ಹಿರಿಯಳೊಬ್ಬಳು ನನ್ನ ಪಕ್ಕಕ್ಕೆ ಸರಿದು ಕೂತು, ಇಷ್ಟು ನುಣ್ಣಗೆ ಪುಡಿ ಮಾಡುವ ವಿಧಾನ ಹೇಳಿಕೊಡಿ ಎಂದು ಕೈ ಹಿಡಿದು ಕೇಳಿದಳು. ಗರಿಗರಿಯಾಗಿ ಚಕ್ಕುಲಿ ಕರಿದು, ವಿಮಾನದಲ್ಲಿ ಜೋಪಾನವಾಗಿ ತಂದು, ಆಮೇಲೆ ಎದೆಗಪ್ಪಿಕೊಂಡು ಒಂದು ನಿದ್ದೆ ತೆಗೆಯಬೇಕು ಎಂದು ಹೇಳುವಷ್ಟು ಹಿಂದಿ ನನಗೆ ಬರುವುದಿಲ್ಲ.