ಮರಲ ಮೀನಿಗೆ ಜೋಡಿ ಹುಡುಕಿದ್ದು

ನೀರಾಗ ದಿನಾ ಕೈ ಇಡಾಂವನ್ನ ಬಿಟ್ಟು ಉಳದ ಎಲ್ಲಾರಿಗೂ ಮೀನಿನ ಬಗ್ಗೆ ಗೊತ್ತಿರತೈತಿ. ಇದು ಒಮ್ಮೆ ಆಗಿದ್ದಲ್ಲ, ನಿಜಾಮನ ಕಾಲದಾಗೂ ಆತು, ನಿಜಾಮ ಹ್ವಾದಮ್ಯಾಲೂ ಆತು. ಈಗ ಹೇಳಿದ್ರ ಮಂದಿ ನಗತಾರ. ನಗ್ರಿ. ನನಗಂತೂ ಸಿಟ್ಟು ಇನ್ನಾ ಇಳದಿಲ್ಲ.

ಮಕ್ತಲ್‌ನಿಂದ ನಾರ್ವಕ್ಕ ಹೋಗೋ ದಾರ್ಯಾಗ ಒಬ್ಬ ಜಾಗೀರದಾರ ದೊರಿದು ವಾಡೆ ಇತ್ತು. ದೊರಿ ಮುಂಬಯಿಂದ ಗಾಜಿನ ಹೌಜ್, ಅಂದ್ರ ನೀರಿನ ತೊಟ್ಟಿ, ತರಿಸಿ ದಿವಾನಖಾನ್ಯಾಗ ಇಟ್ಟಿದ್ರು. ಎಮ್ಮಿ ಕಾಲು ಚಾಚಿ ಮಲಗಷ್ಟು ಉದ್ದ. ಅದರಾಗ ಕೃಷ್ಣಾ ಹೊಳಿದು ಒಂದ ಒಂದು ಮರಲ ಮೀನ. ತೆಲುಗಿನವ್ರು ಕೊರಮೀನು ಅಂತಾರಲ್ಲ, ಅದು. ಹಾವಿನಂಥ ತಲಿ, ಮೊಳಕ್ಕಿಂತ ಉದ್ದ ಮೈ. ಎದುರಿಗೆ ಏನ ಅಲುಗಾಡಿದ್ರೂ ಬಾಯಿ ತೆರಿಯೋದು. ಬಟ್ಟಿನಷ್ಟು ಇದ್ದಾಗಿಂದ ಅದನ್ನ ಸಾಕಿದಾಂವ ನಾನು. ನೀರು ಬದಲಿ ಮಾಡೋದು, ಕಪ್ಪಿ ಹಿಡದು ಹಾಕೋದು, ಗಾಜು ತಿಕ್ಕೋದು, ಒಳಗಿನ ಕಲ್ಲು ತೊಳಿಯೋದು. ಅದಕ್ಕ ಏನೂ ಕಡಿಮಿ ಇರಲಿಲ್ಲ. ಒಂದಿನ ದೊರಿಗೆ ಅನಿಸ್ತು, ಪಾಪ ಇದಕ್ಕ ಜೋಡಿ ಇಲ್ಲ ಅಂತ. ಅಲ್ಲಿಂದ ಶುರು ಆತು.

ಕೆಂಪು ಮೀನ

ದೊರಿ ಹೈದ್ರಾಬಾದಿಗೆ ಹೋಗಿ ಹನ್ನೆರಡು ಕೆಂಪು ಮೀನ ತಂದ್ರು. ಬಟ್ಟುದ್ದ ಒಂದೊಂದು. ಗಾಜಿನ ಭರಣಿ ತೊಡಿ ಮ್ಯಾಲ ಇಟ್ಟುಕೊಂಡು, ಮೊಮ್ಮಗನ್ನ ಕರಕೊಂಡು ಬಂದಂಗ ಬಂದ್ರು.

"ಬ್ಯಾಡ್ರಿ ದೊರಿ. ಇದರ ಬಾಯಾಗ ಹಿಡಿಸೋದು ಯಾವುದೂ ಇದರ ಜೋಡಿ ಇರಾಕ ಆಗಂಗಿಲ್ಲ" ಅಂದೆ.

"ನೀ ಹೈದ್ರಾಬಾದ್ ನೋಡಿಯೇನು?"

"ಇಲ್ರಿ."

"ಮತ್ತ?"

ಇದಕ್ಕ ಏನ ಹೇಳತೀರಿ? ಹನ್ನೆರಡೂ ಬಿಟ್ಟೆ. ದೊರಿ ಚಾ ಬಶಿಗೆ ಸುರುವಿಕೊಂಡು, ಊದಿ, ಒಂದು ಗುಟುಕು ಕುಡದು ತಲಿ ಎತ್ತಿದ್ರು.

"ಎಲ್ಲಿ ಹ್ವಾದ್ವೋ?"

"ಒಳಗ ಅದಾವ್ರಿ."

"ಕಲ್ಲಿನ ಒಳಗ?"

"ಮೀನಿನ ಒಳಗ್ರಿ."

ಬೈಸಿಕೊಂಡಾಂವ ನಾನು. "ನೀ ಹೊಟ್ಟಿ ತುಂಬ ಹಾಕಿದ್ರ ಅದ್ಯಾಕ ತಿಂತಿತ್ತು?" ಅಂದ್ರು. ಹನ್ನೆರಡು ತಿಂದ ಮರಲ ಗಾಜಿಗೆ ಮೂತಿ ಹಚ್ಚಿ, ಹೌದು ಹೌದು, ನನಗ ಏನೂ ಹಾಕೇ ಇಲ್ಲ ಅನ್ನೋ ಹಂಗ ನನ್ನ ನೋಡಕತ್ತಿತ್ತು.

ಜಾತಕ

ಆಮ್ಯಾಲ ದೊರಸಾನಿಯವ್ರು ಕೈ ಹಾಕಿದ್ರು. "ಲಗ್ನ ಮಾಡಿದ್ರ ತಣ್ಣಗಾಗತಾನ" ಅಂದ್ರು.

"ಗಂಡು ಅಂತ ಹೆಂಗ ಗೊತ್ತಾತ್ರಿ ಅವ್ವಾರ?"

"ಸಿಟ್ಟು ನೋಡಲ್ಲ!"

ಹೊಳಿಯಿಂದ ಇನ್ನೊಂದು ಮರಲ ತರಿಸಿದ್ರು. ಅಷ್ಟ ಉದ್ದ, ಅದ ಬಣ್ಣ, ಅದ ಮಾರಿ. ಐಜದಿಂದ ಜೋಯಿಸರು ಬಂದ್ರು. ಪಂಚಾಂಗ ಬಿಚ್ಚಿ "ಹುಟ್ಟಿದ ನಕ್ಷತ್ರ?" ಅಂತ ನನ್ನ ಕೇಳಿದ್ರು.

"ಹುಟ್ಟಿದ್ದು ನನಗೇನ ಗೊತ್ರಿ. ಬಲಿಗೆ ಬಿದ್ದ ದಿನ ಗೊತ್ತು."

"ನಡಿತೈತಿ."

ಲೆಕ್ಕ ಹಾಕಿದ್ರು, ಭಾಳ ಚಲೋ ಕೂಡೇತಿ ಅಂದ್ರು, ಎರಡು ಹೋಳಿಗಿ ತಿಂದ್ರು. ನಾ ಬಾಯಿ ಮುಚ್ಚಿಕೊಂಡು ಇರಬೇಕಿತ್ತು. "ಒಂದ ನಮೂನಿವು ಎರಡು ಬಿಟ್ರ, ಜಾಗ ನಂದು ಅಂತ ಬಡದಾಡತಾವ್ರಿ" ಅಂದೆ. "ಶುಭ ಹೊತ್ತಿನ್ಯಾಗ ಇವನ ನಾಲಿಗಿ ನೋಡ್ರಿ!" ಅಂತ ದೊರಸಾನಿ ನನ್ನ ಹೊರಗ ಹಾಕಿದ್ರು.

ಅರ್ಧ ತಾಸಿನ್ಯಾಗ ಅವರ ಮತ್ತ ಒಳಗ ಕರದ್ರು. ಹೌಜಿನ ಅರ್ಧ ನೀರು ಅವರ ಹೊಸಾ ನಾರಾಯಣಪೇಟಿ ಸೀರಿ ಮ್ಯಾಲ ಇತ್ತು. ಮದುಮಗಳ ಬಾಲ ಹರದಿತ್ತು, ಮದುಮಗನ ದವಡಿ ಸೀಳಿತ್ತು. ಮೂರನೇ ದಿನಕ್ಕ ಮದುಮಗಳು ಹ್ವಾದ್ಲು. ದೊರಿ ಬಂದು ಎಲ್ಲಾರ ಎದುರಿಗೆ ನನಗ ಬಟ್ಟು ತೋರಿಸಿ ಹೇಳಿದ್ರು: "ಇನ್ನೊಂದು ಜೋಡಿ ಸಾಯಲಿ, ಮರಲ ಅಡಗಿ ಮನಿಗೆ, ನೀ ಹೊಲಕ್ಕ!"

ನಾ ಮಾಡಿದ್ದೇನು ಇದರಾಗ? ಅಲ್ಲಿತನ ವಾಡೆದಾಗ ಉಳದಿದ್ದ ಜೋಯಿಸರನ್ನ ಊರ ಅಗಸಿತನ ಕಳಸಾಕ ಹ್ವಾದಾಗ ಕೇಳೇಬಿಟ್ಟೆ, "ಏನ್ರಿ ಸ್ವಾಮಿ, ಚಲೋ ಕೂಡೇತಿ ಅಂದ್ರಿ?"

ಅವ್ರು ನಿಂತು, ಸಮಾಧಾನಲೆ ಹೇಳಿದ್ರು: "ನಾ ಕೂಡಿಸಿದ್ದು ನಕ್ಷತ್ರ. ಹಲ್ಲು ಪಂಚಾಂಗದಾಗ ಬರಂಗಿಲ್ಲಪ್ಪ."

ಸುಬೇದಾರ

ರಜಾಕಾರರ ಗದ್ದಲ ಹೆಚ್ಚಾತು. ದೊರಿ ಮನಿಮಂದಿ ಕಟ್ಟಿಕೊಂಡು ಕರ್ನೂಲಿಗೆ ಹ್ವಾದ್ರು. ಹೋಗುವಾಗ ಬೀಗದ ಕೈ ನನ್ನ ಕಡಿ ಒಗದು "ಮೀನ ಜ್ವಾಕಿ" ಅಂದ್ರು. ನಾ ಜ್ವಾಕಿ ಅಂತ ಯಾರೂ ಅನ್ನಲಿಲ್ಲ.

ಪೋಲೀಸ್ ಆ್ಯಕ್ಷನ್ ಶುರು ಆತು. ಫೌಜಿನವ್ರು ವಾಡೆದಾಗ ಎರಡು ದಿನ ಇಳದ್ರು. ಅದರಾಗ ಒಬ್ಬ ಸುಬೇದಾರ ಬಂಗಾಳದ ಕಡ್ಯಾಂವ, ಮನಿ ಹಿಂದ ಕೆರಿ ಇದ್ದಾಂವ. ಹೌಜ್ ನೋಡಿ "ಅಕೇಲಾ ಕ್ಯೂಂ?" ಅಂದ, ಒಂದ ಯಾಕ ಐತಿ ಅಂತ. ಇದ್ದದ್ದೆಲ್ಲಾ ಹೇಳಿದೆ. ನಕ್ಕ. ಆಮ್ಯಾಲ "ತೂ ಕ್ಯಾ ಬೋಲ್ತಾ, ಕೌನ್ ರಹೇಗಾ ಇಸ್ಕೇ ಸಾಥ್?" ಅಂದ. ಇದರ ಜೋಡಿ ಯಾರು ಇದ್ದಾರು, ನೀ ಏನಂತೀ ಅಂತ. ನನ್ನ ಕೇಳಿದಾಂವ ಅವನ ಮೊದಲ್ನೇದಾಂವ. ಅಷ್ಟು ವರ್ಷ ತಲ್ಯಾಗ ಇಟ್ಟುಕೊಂಡಿದ್ದು ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. "ನೀವ ಹೇಳ್ರಿ ಸಾಬ್" ಅಂದೆ.

ಅಂವ ಹೇಳಿದ. ಜೋಡಿ ಇರೋದು ಇದರ ಬಾಯಾಗ ಹಿಡಿಸಬಾರದು. ಇದರಂಗ ಕಾಣಬಾರದು. ಇದರ ತಿನಿಸಿಗೂ ಜಾಗಕ್ಕೂ ಆಸಿ ಪಡಬಾರದು. ಎಲ್ಲಾ ನನಗ ಗೊತ್ತಿದ್ದದ್ದ! ಗೊತ್ತಿಲ್ಲದ್ದು ಒಂದಿತ್ತು: ಹಳೇ ಮೀನನ್ನೂ ಹೊರಗ ತಗದು, ಒಳಗಿನ ಕಲ್ಲೆಲ್ಲಾ ಆಕಡಿ ಈಕಡಿ ಮಾಡಿ, ಎರಡನ್ನೂ ಕೂಡೇ ಬಿಡಬೇಕು. ಆಗ ಜಾಗ ಯಾರದೂ ಅಲ್ಲ.

ಮೊರದಷ್ಟು ಅಗಲ ಒಂದು ಕಟ್ಲಾ ಮೀನ ತಂದೆ. ತೌಡು ತಿನ್ನೋ ಸಾದಾ ಜೀವ. ಬಿಟ್ವಿ. ಮರಲ ಬಾಯಿ ತೆರಕೊಂಡು ಬಂತು. ಬಾಗಲ್ದಾಗ ಹೊರಸು ಹಿಡಿಸತೈತೋ ಇಲ್ಲೋ ಅಂತ ನೋಡತಾರಲ್ಲ, ಹಂಗ ಆಕಡಿಂದ ನೋಡ್ತು, ಈಕಡಿಂದ ನೋಡ್ತು. ಬಾಯಿ ಮುಚ್ಚಿ ಹಿಂದಕ್ಕ ಹ್ವಾತು.

ಮರುದಿನ ಊರಾಗೆಲ್ಲಾ ಕುಣಿದಾಟ. ನಾನೂ ಕುಣಿದೆ. "ಹೈದ್ರಾಬಾದ್ ಬಿದ್ದದ್ದಕ್ಕೇನೋ?" ಅಂತ ಒಬ್ಬಾಂವ ಕೇಳಿದ. "ಅದೂ ಬಿತ್ತೇನು?" ಅಂದೆ. ನಾ ಕುಣಿದದ್ದು ಕಟ್ಲಾ ಬದುಕಿದ್ದಕ್ಕ.

ಜಾಗೀರ ರದ್ದು

ಜಾಗೀರು ರದ್ದಾದ್ವು. ದೊರಿ ಕರ್ನೂಲಿನ್ಯಾಗ ಉಳದ್ರು. ವಾಡೆ ಒಂದು ಸರಕಾರಿ ಕಚೇರಿ ಆತು, ನಾ ಅದರ ಕಸ ಹೊಡಿಯೋ ಆಳಾದೆ. ಹೊಸಾ ಸಾಬ್ ದೂರದ ಊರವ್ರು, ಮರಲ ಮೀನಿನ ಹುಳಿ ಅಂದ್ರ ಜೀವ. ಮೊದಲನೇ ದಿನ ಹೌಜಿನ ಮುಂದ ನಿಂತು ತುಟಿ ಒರಸಿಕೊಂಡ್ರು.

"ಒಂದು ಮೀನಿಗೆ ಇಷ್ಟು ನೀರು, ಒಂದು ಆಳು. ಇದೂ ಜಾಗೀರದಾರಿನ. ಕೊಯ್ರಿ."

"ಒಂದಲ್ರಿ ಸಾಬ್, ಎರಡು. ಕೂಡಿ ಬಾಳೆ ಮಾಡತಾವ್ರಿ."

"ಕೂಡಿ ಬಾಳತಾವಂತ ಬರದು ಕೊಟ್ಟಾರೇನು ಯಾರರ?"

ಕಣ್ಣೆದುರಿಗೆ ಎರಡೂ ಈಸಾಡಕತ್ಯಾವ, ಇವರಿಗೆ ಕಾಗದ ಬೇಕು! ಗದ್ವಾಲಿಗೆ ಒಬ್ರು ಮೀನಿನ ಅಫ್ಸರ್ ಬರಾವ್ರಿದ್ರು. ಅವ್ರು ನೋಡಿ, ಹೊಂದತಾವ ಅಂತ ಬರದ್ರ ಎರಡೂ ಉಳಿಬೇಕು. ಹೊಂದಂಗಿಲ್ಲ ಅಂದ್ರ ಎರಡೂ ಗಡಗಿಗೆ, ಅಂತ ಸಾಬ್ ಹೇಳಿದ್ರು. ಅಲ್ಲಿತನ ಅಡಗಿಯಾಂವ ದಿನಾ ಬಂದು ಗಾಜಿನ ಮ್ಯಾಲ ಗೇಣು ಹಾಕಿ ಅಳೀತಿದ್ದ. "ಹುಣಸಿಕಾಯಿ ಹಾಕಲೋ, ಮಾವಿನಕಾಯಿನೋ?" ಅಂತ ನನ್ನ ಕೇಳಿದ.

"ಮಾವಿನಕಾಯಿ" ಅಂದೆ. ಅದು ಮಾವಿನ ಕಾಲ ಅಲ್ಲ.

ಮುಲ್ಜಿಮ್

ಅಫ್ಸರ್ ಗದ್ವಾಲ್ ಬಸ್ಸಿನ್ಯಾಗ ಬಂದ್ರು. ಬಗಲಾಗ ದಪ್ಪ ಪುಸ್ತಕ, ಕೈಯಾಗ ಅಳತಿ ಪಟ್ಟಿ. ಹೌಜ್ ಕಡಿ ನೋಡದ ಪುಸ್ತಕ ನೋಡಿದ್ರು.

"ಈ ಜಾತಿ ಮೀನ ಯಾರ ಜೋಡಿನೂ ಹೊಂದಂಗಿಲ್ಲ."

"ಹೊಂದ್ಯಾವಲ್ರಿ. ಎರಡು ವರ್ಷ ಆತು, ನೋಡ್ರಿ ಇಲ್ಲೆ."

"ನೀ ನೋಡದಾಗ ಬಡದಾಡತಾವ."

ನನ್ನ ತಲಿ ಕೆಟ್ಟುಹ್ವಾತು. ಸರಕಾರಿ ಮನಷಾರ ಎದುರಿಗೆ ಜೀವನದಾಗ ಅವತ್ತೊಂದ ದಿನ ಒದರಿದೆ. "ನೀರಿಗೆ ಒಮ್ಮೆರ ಕೈ ಇಟ್ಟೀರೇನ್ರಿ ನೀವು?"

ಅಫ್ಸರ್ ಕೆಂಪಗಾದ್ರು. ಅಂಗಿ ತೋಳು ಮಡಚಿ, ಪಟ್ಟಿ ಸಮೇತ ಕೈ ಒಳಗ ಇಟ್ರು. ಮರಲ ಬಂದು ಬಟ್ಟು ಹಿಡೀತು.

ಒದರಾಟ ಮುಗದು ಕೈಗೆ ಅರಿಬಿ ಸುತ್ತಿದಮ್ಯಾಲ ಸಾಬ್ "ಕರೀರಿ ಅಡಗಿಯಾಂವನ್ನ!" ಅಂದ್ರು. ಅಂವ ಬಾಗಲ ಹಿಂದನ ನಿಂತಿದ್ದ, ಕತ್ತಿ ತಗೊಂಡು.

ನನಗ ಎಲ್ಲಿಂದ ಬಂತೋ ಮಾತು. ಕಚೇರಿ ಕಸ ಹೊಡೀತಾ ಹೊಡೀತಾ ಕಿವಿಗೆ ಬಿದ್ದದ್ದು ಇರಬೇಕು. "ಸಾಬ್, ಸರಕಾರಿ ಅಫ್ಸರ್ ಕೆಲಸದ ಮ್ಯಾಲಿದ್ದಾಗ ಹೊಡದೈತಿ. ಇದು ಈಗ ಮೀನಲ್ಲ, ಮುಲ್ಜಿಮ್, ಆರೋಪಿ. ತಹಕೀಕಾತ್, ತನಿಖಿ ಎಲ್ಲಾ ಮುಗಿಯೂಕಿಂತ ಮೊದಲ ಮುಲ್ಜಿಮನ್ನ ಹುಳ್ಯಾಗ ಹಾಕಿದ್ರ ನಾಳಿ ನಿಮ್ಮ ಮ್ಯಾಲ ಬರತೈತಿ."

ಸಾಬ್ ಅಡಗಿಯಾಂವನ ಕತ್ತಿ ನೋಡಿದ್ರು, ಅಫ್ಸರ್ ಬಟ್ಟು ನೋಡಿದ್ರು. ನೌಕರಿ ಹೊಸಾದು. "ಕತ್ತಿ ಒಳಗ ಇಡು" ಅಂದ್ರು. ಮ್ಯಾಲಿನ ಕಚೇರಿಗೆ ಮೂರು ಹಾಳಿ ರಪಟ್ ಹ್ವಾತು.

ಭಾಳ ತಿಂಗಳ ಮ್ಯಾಲ ಜವಾಬ್ ಬಂತು. ಸಾಬ್ ಗಟ್ಟಿಯಾಗಿ ಓದಿದ್ರು: ಹುಕುಮ್ ಬರೋತನ ಮುಲ್ಜಿಮನ ಜೀವಕ್ಕ ಏನೂ ಆಗಬಾರದು. ಅಲ್ಲದ, ಘಟನಾ ನಡದಾಗ ಅದ ಹೌಜಿನ್ಯಾಗ ಹಾಜರಿದ್ದ ಇನ್ನೊಂದು ಮೀನಿನ ಹೇಳಿಕಿ ಇಲ್ಲಿತನ ಯಾಕ ತಗೊಂಡಿಲ್ಲ? ಅದರ ಜೀವಕ್ಕೂ ನೀವ ಜವಾಬ್ದಾರಿ.

ಸಾಬ್ ಚಷ್ಮಾ ತಗದು ಕಟ್ಲಾದ ಮುಂದ ಕುರ್ಚಿ ಹಾಕಿಕೊಂಡು ಕುಂತ್ರು. ಆಮ್ಯಾಲ ಸಣ್ಣ ದನಿಲೆ ನನ್ನ ಕೇಳಿದ್ರು, "ಇದಕ್ಕ ಏನರ ತಿಳಿತೈತೇನೋ?"

"ಎಲ್ಲಾ ತಿಳಿತೈತ್ರಿ ಸಾಬ್" ಅಂದೆ. "ಆದ್ರ ಬಾಯಿ ಬಿಡಂಗಿಲ್ಲ. ಅದಕ್ಕ ಇಲ್ಲಿತನ ಮರಲದ ಜೋಡಿ ಬದುಕೇತಿ."