ಆದಾಮನಿಗೆ ಎದುರಾಡಿದ ಬಾಡಿಗೆದಾರ

ಬಾಡಿಗೆ ಮನೆಯಲ್ಲಿರುವವನು ಮಾಲೀಕರ ಬೆಕ್ಕನ್ನೂ ಮುದ್ದು ಮಾಡಬೇಕು, ಅವರ ಮಾತನ್ನೂ ಒಪ್ಪಬೇಕು ಎಂಬುದು ನನ್ನ ಹೆಂಡತಿ ಕಮಲಳ ಸಿದ್ಧಾಂತ. ನಾನು ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ಮೇಷ್ಟ್ರು. ಒಪ್ಪುವುದು ನನ್ನ ಜಾಯಮಾನವಲ್ಲ. ಈ ಗುಣದಿಂದಲೇ ಚಾಮರಾಜಪೇಟೆಯಲ್ಲಿ ಒಂದು, ಬಸವನಗುಡಿಯಲ್ಲಿ ಒಂದು ಮನೆ ಕಳೆದುಕೊಂಡು, ಐವತ್ತರ ದಶಕದ ಕೊನೆಗೆ ಜಯನಗರಕ್ಕೆ ಬಂದು ಬಿದ್ದೆವು. ಆಗಿನ ಜಯನಗರವೆಂದರೆ ಸೈಟಿನ ಕಲ್ಲುಗಳು, ಲಂಟಾನದ ಪೊದೆ, ನಡುನಡುವೆ ನಾಲ್ಕು ಮನೆ. ಅದರಲ್ಲೊಂದು, ಅಂಚೆ ಇಲಾಖೆಯಿಂದ ನಿವೃತ್ತರಾದ ಸಾಮುವೇಲಪ್ಪನವರದು. ಮುಂದಿನ ಭಾಗದಲ್ಲಿ ಅವರು, ಹಿಂದಿನ ಭಾಗದಲ್ಲಿ ನಾವು. ಸಿಹಿನೀರಿನ ಬಾವಿಯಿತ್ತು. ಅದನ್ನು ನೋಡಿದ ದಿನವೇ ಕಮಲ, "ಇಲ್ಲಿಂದ ನಾನು ಕದಲಲ್ಲ" ಎಂದಿದ್ದಳು.

ಸಂಜೆ ಜಗಲಿಗೆ ಕರೆದು ಕಾಫಿ ಕೊಟ್ಟು, ಸಾಮುವೇಲಪ್ಪನವರು ಮನುಕುಲದ ಹುಟ್ಟಿನಿಂದ ಶುರು ಮಾಡುತ್ತಿದ್ದರು. ಮನುಷ್ಯ ಮೊದಲು ಗವಿಯಲ್ಲಿ ಗುರ್ ಎನ್ನುತ್ತ ಕೂತಿದ್ದನೆಂಬ ನನ್ನ ಪಾಠ, ಅವರ ಪ್ರಕಾರ ಹಿರಿಯರಿಗೆ ಮಾಡುವ ಅವಮಾನ. ಅವರ ಬೈಬಲಿನಂತೆ, ದೇವರು ಮಣ್ಣಿನಿಂದ ಮಾಡಿದ ಮೊದಲ ಮನುಷ್ಯ ಆದಾಮ ಕಣ್ಣುಬಿಟ್ಟಾಗಲೇ ಮಾತು ಬಲ್ಲವನು, ತೋಟ ನೋಡಿಕೊಳ್ಳಬಲ್ಲವನು. ಪ್ರಾಣಿಗಳಿಗೆಲ್ಲ ಹೆಸರಿಟ್ಟವನೂ ಅವನೇ. ಅವನ ಹಿರಿಮಗ ಕಾಯಿನ ಹೊಲ ಉತ್ತ, ಆಮೇಲೆ ಊರನ್ನೇ ಕಟ್ಟಿದ.

"ಸಾರ್, ನಮ್ಮ ರಸ್ತೆಗೆ ಒಂದು ಚರಂಡಿ ಬರೋಕೇ ಇಷ್ಟು ವರ್ಷ ಆಗ್ತಿದೆ. ಒಬ್ಬನ ಕಾಲದಲ್ಲೇ ಊರು ಎದ್ದುಬಿಡ್ತಾ?" ಎಂದೆ.

"ಅವನು ಯಾವ ಆಫೀಸಿಗೂ ಅರ್ಜಿ ಹಾಕ್ಬೇಕಾಗಿರಲಿಲ್ಲ ಮೇಷ್ಟ್ರೇ," ಎಂದರು ಅವರು, ಗಂಭೀರವಾಗಿ.

ಹೀಗೇ ಸುಖವಾಗಿ ಕಚ್ಚಾಡಿಕೊಂಡಿದ್ದಾಗ, ಒಂದು ದಿನ ಕಮಲ ಬಾವಿಕಟ್ಟೆಯಿಂದ ಮುಖ ಸಣ್ಣದು ಮಾಡಿಕೊಂಡು ಬಂದಳು. ಸಾಮುವೇಲಪ್ಪನವರ ಅಳಿಯನಿಗೆ ಬೆಂಗಳೂರಿಗೆ ವರ್ಗವಾಗಿದೆಯಂತೆ; ನಮ್ಮ ಭಾಗ ತನಗೆ ಬೇಕೆಂದು ಕೇಳಿದ್ದಾನಂತೆ. "ಮನುಷ್ಯ ಮಣ್ಣಿಂದ ಬಂದ್ರೇನು, ಮಂಗನಿಂದ ಬಂದ್ರೇನು, ನಾವು ಬೀದಿಗೆ ಬರದಿದ್ರೆ ಸಾಕು. ಇವತ್ತು ಹೂಂ ಅಂದ್ಬಿಡಿ," ಎಂದಳು. ಅವಳ ಕಣ್ಣಲ್ಲಿ ನೀರು ನೋಡಿ ನನಗೆ ಸಂಕಟವಾಯಿತು.

ಆ ಸಂಜೆ ಆದಾಮನಿಗೂ ಹೂಂ ಎಂದೆ, ಕಾಯಿನನ ಊರಿಗೂ ಹೂಂ ಎಂದೆ. ಸಾಮುವೇಲಪ್ಪನವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಮರುದಿನ ಜಗಲಿಯಿಂದ ಕರೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಕಮಲ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು.

ಭಾನುವಾರ ಚರ್ಚಿನಿಂದ ಬಂದವರೇ ಸಾಮುವೇಲಪ್ಪನವರು ನೇರವಾಗಿ ನಮ್ಮ ಬಾಗಿಲಿಗೆ ಬಂದರು.

"ಮೈಗೆ ಹುಷಾರಿಲ್ವಾ ಮೇಷ್ಟ್ರೇ?"

"ಚೆನ್ನಾಗಿದ್ದೀನಿ ಸಾರ್."

"ಮತ್ತೆ ಅದೇನು, ಎಲ್ಲದಕ್ಕೂ ತಲೆ ಆಡಿಸಿದ್ರಿ? ತಲೆ ಆಡಿಸೋಕೆ ನನ್ನ ಅಳಿಯ ಇದ್ದಾನೆ. ಅವನ ಜೊತೆ ಒಂದು ಸಂಜೆ ಕಳೆಯೋದೂ ಕಷ್ಟ. ಅದಕ್ಕೇ ಅವನಿಗೆ ಬೇರೆ ಮನೆ ನೋಡ್ಕೋ ಅಂದಿದ್ದೆ. ಈಗ ನೀವೂ ಹಾಗೇ ಆಗಿಬಿಟ್ರೆ, ಮನೇನ ಅಳಿಯನಿಗೇ ಕೊಡ್ಬಹುದಲ್ಲ?"

ಒಳಗಿನಿಂದ ಕಮಲಳ ದನಿ ಕೇಳಿಸಿತು: "ರೀ, ಅವರು ಹೇಳೋದೆಲ್ಲ ತಪ್ಪು ಅನ್ನಿ."

ಅಂದೆ. ಗವಿ, ಕಲ್ಲಿನ ಕೊಡಲಿ, ಮಂಗ, ಎಲ್ಲವನ್ನೂ ಒಂದೇ ಉಸಿರಿಗೆ ಹೊರತೆಗೆದೆ. ಅವರ ಮುಖ ಅರಳಿತು. ನಿಂತಲ್ಲಿಂದಲೇ ಹೆಂಡತಿಯನ್ನು ಕೂಗಿ ಕಾಫಿಗೆ ಹೇಳಿದರು. ಮನೆ ಉಳಿಯಿತು. ತೊಂದರೆಯೆಂದರೆ, ದಿನಾ ಕೇಳಿ ಕೇಳಿ ಅವರ ಆದಾಮ ಅಷ್ಟು ಹೊತ್ತಿಗೆ ನನಗೆ ನಿಜವಾಗಿಯೂ ಹಿಡಿಸಿಬಿಟ್ಟಿದ್ದ. ಆದರೆ ಹಾಗೆಂದು ಒಪ್ಪಿಕೊಂಡು ಮನೆ ಕಳೆದುಕೊಳ್ಳುವಷ್ಟು ದೊಡ್ಡ ಭಕ್ತ ನಾನಲ್ಲ.