ಹಾಲು ಬಿಡಿಸಿದ ದಿನ

ಎಲ್ಲಕ್ಕೂ ಕಾರಣ ಒಂದು ಹೊಸ ಹಲ್ಲು. ಅದು ಗುಬ್ಬಿಯ ಒಸಡಿನಲ್ಲಿ ಯಾವಾಗ ಮೊಳೆಯಿತೋ, ಎರಡು ವರ್ಷ ತುಂಬಿದ ಆ ಮಗಳು ಬೆಳಿಗ್ಗೆ ಹಾಲು ಕುಡಿಯುತ್ತಲೇ ಅದರ ನವೆ ತೀರಿಸಿಕೊಂಡಳು. ಹೊಲಿಗೆ ಕೆಲಸದ ಅವಳ ತಾಯಿ ಕಿರುಚಿದಳು. ಆ ಸದ್ದಿಗೆ ಕೆಳಮನೆಯ ನರ್ಸಮ್ಮ ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯಂತೆ ಹಿಡಿದುಕೊಂಡು ಮೇಲೆ ಬಂದರು. ಆಸ್ಪತ್ರೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರು ಯಾರ ಮನೆಗೆ ಹೋದರೂ ವಾರ್ಡಿಗೆ ಬಂದಂತೆಯೇ ಬರುತ್ತಿದ್ದರು.

"ಮತ್ತೆ ಕಚ್ಚಿದ್ಲಾ?"

"ಸ್ವಲ್ಪ."

"ಸ್ವಲ್ಪ ಅಂತೆ! ನಾಡಿದ್ದು ಬಟ್ಟೆ ಫ್ಯಾಕ್ಟರಿಗೆ ಸೇರ್ಕೊಳ್ಳೋಳು ನೀನು. ಇವಳನ್ನ ಜೇಬಲ್ಲಿ ಇಟ್ಕೊಂಡು ಹೋಗ್ತೀಯಾ?"

ಹೊಲಿಗೆಯವಳು ಗುಬ್ಬಿಯ ಬಾಯಿ ಒರೆಸಿದಳು. ಮನೆಯಲ್ಲಿ ಕೂತು ಹೊಲಿದ ದುಡ್ಡು ಸಾಲದೆ ಅವಳು ಆ ಕೆಲಸ ಹುಡುಕಿದ್ದಳು. ಹಾಲು ಬಿಡಿಸಲು ಹಿಂದೆಯೂ ಪ್ರಯತ್ನಪಟ್ಟಿದ್ದಳು. ಪ್ರತಿ ಸಲವೂ ಗುಬ್ಬಿ ತುಟಿ ಸೊಟ್ಟ ಮಾಡುವ ಮೊದಲೇ ಇವಳ ಮನಸ್ಸು ಸೊಟ್ಟಗಾಗಿತ್ತು.

"ಇವತ್ತೇ ಬಿಡಿಸೋಣ," ಎಂದರು ನರ್ಸಮ್ಮ. "ಸಾಯಂಕಾಲದ ತನಕ ಮಗು ನನ್ನ ಮನೇಲಿರುತ್ತೆ. ನಿನ್ನ ಮುಖ ಕಾಣಬಾರದು, ದನಿ ಕೇಳಬಾರದು. ಕೆಮ್ಮಬೇಡ."

"ಹೊಲಿಗೆ?"

"ಮೆಷಿನ್ ಸದ್ದು ಕೇಳಿದ್ರೆ ಅಮ್ಮ ಅಂತ ಓಡಿ ಬರ್ತಾಳೆ. ಅದನ್ನೂ ಮುಟ್ಟಬೇಡ. ಮನಸ್ಸು ಗಟ್ಟಿ ಮಾಡ್ಕೋ, ಅಷ್ಟೆ."

ಗುಬ್ಬಿ ನರ್ಸಮ್ಮನ ಬೀಗದ ಕೈ ಗೊಂಚಲಿಗೆ ಜೋತುಬಿದ್ದು, ಹಿಂತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದಳು.

ಸ್ವಲ್ಪ ಹೊತ್ತಿಗೆ ಅಳು ಕೇಳಿಸಿತು. "ಅಮ್ಮಾ" ಎಂಬ ಕೂಗು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತುಕೊಂಡಂತಿತ್ತು. ಹೊಲಿಗೆಯವಳು ಚಿಲಕ ಹಿಡಿದು ನಿಂತಳು. ಈ ಅಳು ನಿಂತರೆ ಸಾಕು ಎಂದುಕೊಂಡಳು. ಆಗಲೇ ಅದು ನಲ್ಲಿ ತಿರುಗಿಸಿದ ಹಾಗೆ ಥಟ್ಟನೆ ನಿಂತಿತು.

ನಿಂತ ಮೇಲೆ, ಇನ್ನೊಂದೇ ಒಂದು ಸಲ ಅಳಲಿ ಎಂದುಕೊಂಡಳು.

ಮನೆಯಲ್ಲಿ ಅಷ್ಟು ಮೌನವನ್ನು ಅವಳು ಕಂಡೇ ಇರಲಿಲ್ಲ. ಕತ್ತರಿಸಿಟ್ಟ ಬಟ್ಟೆಗಳು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದವು. ಗುಬ್ಬಿಯ ಒಂಟಿ ಕಾಲುಚೀಲವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ನೆಲಕ್ಕೆ ಕಿವಿಯಿಟ್ಟು ಮಲಗಿದಳು. ಕೆಳಗೆ ಯಾರೋ ಪಾತ್ರೆ ಸರಿಸಿದರು. ಆಮೇಲೆ ಎಳೆಕೂಸೊಂದು ಅತ್ತಿತು. ಅದು ಗುಬ್ಬಿಯದಲ್ಲ, ಹೆತ್ತು ಹಸಿಮೈಯಲ್ಲಿ ತಾಯಿಯ ಮನೆಗೆ ಬಂದಿದ್ದ ನರ್ಸಮ್ಮನ ಮಗಳ ಕೂಸಿನದು. ಅಷ್ಟು ಗೊತ್ತಿದ್ದೂ ಇವಳ ಅಂಗಿಯ ಎದೆ ಒದ್ದೆಯಾಯಿತು. ಮೈಗೆ ವಿಳಾಸ ಓದಲು ಬರುವುದಿಲ್ಲ. ಎದ್ದು ಅಂಗಿ ಬದಲಿಸಿದಳು. ಮತ್ತೊಂದೂ ಒದ್ದೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಅವಳು ಗಂಡನ ಅಂಗಿಯಲ್ಲಿದ್ದಳು. ಬಸ್ ಓಡಿಸುವ ಗಂಡ ನಸುಕಿಗೇ ಹೊರಟುಹೋಗಿದ್ದ.

ಆಗ ಯಾರೋ ಬಾಗಿಲನ್ನು ದಬದಬ ಬಡಿದರು.

"ನನ್ನ ಪ್ಯಾಂಟು ಆಯ್ತೇನಮ್ಮಾ?"

ಎದುರು ಬಿಲ್ಡಿಂಗಿನ ಡ್ರೈವಿಂಗ್ ಮೇಷ್ಟ್ರು. ಕಾರು ಕಲಿಸುವುದು ಅವರ ಕಸುಬು. ಕಲಿಯುವವರ ಪಕ್ಕದಲ್ಲಿ ಕೂತು ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳುವಾಗಲೂ ಲಾರಿಗೆ ದಾರಿ ಬಿಡಿಸುವವರಂತೆ ಮಾತಾಡುತ್ತಿದ್ದರು. ಹೊಲಿಗೆಯವಳು ಓಡಿಹೋಗಿ ಬಾಗಿಲು ತೆಗೆದು, ತುಟಿಯ ಮೇಲೆ ಬೆರಳಿಟ್ಟಳು.

"ಯಾಕಮ್ಮಾ? ಕಣ್ಣೆಲ್ಲ ಕೆಂಪಾಗಿದೆ!"

ಅವಳು ಕೈ ಮುಗಿದು, ಕೆಳಮನೆಯತ್ತ ಬೆರಳು ತೋರಿಸಿದಳು.

ಮೇಷ್ಟ್ರ ದನಿ ಒಂದು ಗೇರು ಇಳಿಯಿತು. "ನರ್ಸಮ್ಮನ ಮನೇಲಾ?"

ಹೌದೆಂದು ತಲೆಯಾಡಿಸಿದಳು. ಮಗು ಈಗ ನಿದ್ದೆ ಮಾಡುತ್ತಿರಬಹುದು ಎಂದು ತಿಳಿಸಲು ಎರಡೂ ಅಂಗೈಗೆ ಕೆನ್ನೆಯಾನಿಸಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿಂದ ನೀರು ಇಳಿಯಿತು.

ಮೇಷ್ಟ್ರು ಟೋಪಿ ತೆಗೆದರು.

"ನಿನ್ನೆ ತಾನೆ ಕಾರು ಅಡ್ಡ ನಿಲ್ಲಿಸ್ದೆ ಅಂತ ನಂಗೆ ಬೈದಿದ್ರಲ್ಲಮ್ಮಾ. ಎಷ್ಟು ಚೆನ್ನಾಗಿ ಬೈದಿದ್ರು," ಎಂದು ಪಿಸುಗುಟ್ಟಿ, ಕಣ್ಣೊರೆಸಿಕೊಂಡು, ಪ್ಯಾಂಟಿನ ಮಾತೇ ಎತ್ತದೆ ಹೊರಟುಹೋದರು.

ಬೈಗುಳದ ಮಾತು ಅವಳಿಗೆ ಅರ್ಥವಾಗಲಿಲ್ಲ. ಆದರೆ ಎಷ್ಟು ಒಳ್ಳೆಯ ಮನುಷ್ಯ, ಹಾಲು ಬಿಡಿಸುವ ತಾಯಿಯ ಸಂಕಟ ಗಂಡಸಾದರೂ ಇವರಿಗೆ ತಿಳಿಯಿತಲ್ಲ ಎಂದುಕೊಂಡು ಮೆಲ್ಲಗೆ ಬಾಗಿಲು ಹಾಕಿದಳು.

ಇಳಿಹೊತ್ತಿಗೆ ಕಿಟಕಿಯಲ್ಲಿ ನೋಡಿದರೆ ಇನ್ನೂ ಆಶ್ಚರ್ಯ. ಇಸ್ತ್ರಿಯವನು ಅಂಗಡಿಯ ಬಾಗಿಲು ಎಳೆದಿದ್ದ. ಯಾವಾಗಲೂ ಕಿತ್ತಾಡುವ ಓರಗಿತ್ತಿಯರಿಬ್ಬರು ಸದ್ದಿಲ್ಲದೆ ಅಕ್ಕಪಕ್ಕ ನಿಂತಿದ್ದರು. ಚೆಂಡಾಡುತ್ತಿದ್ದ ಮಕ್ಕಳ ಚೆಂಡನ್ನು ಮೇಷ್ಟ್ರು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಇಡೀ ಬೀದಿ ಪಿಸುಮಾತಿನಲ್ಲಿತ್ತು. ನನ್ನ ಗುಬ್ಬಿಗೋಸ್ಕರ ಇಷ್ಟು ಜನ ಬಾಯಿ ಮುಚ್ಚಿಕೊಂಡಿದ್ದಾರಲ್ಲ ಎಂದು ಅವಳ ಎದೆ ತುಂಬಿ ಬಂತು. ಎದೆ ಮೊದಲೇ ತುಂಬಿತ್ತು.

ಯಾರೋ ಬಾಡಿಗೆ ಕುರ್ಚಿಗಳನ್ನು ತಂದು ಸಾಲಾಗಿ ಹಾಕಿದರು. ಪರವಾಗಿಲ್ಲ, ನಿಂತು ಕಾಲು ನೋಯುತ್ತದೆ ಎಂದುಕೊಂಡಳು. ಇಸ್ತ್ರಿಯವನು ಒಂದು ದೊಡ್ಡ ಹೂವಿನ ಹಾರ ತಂದ.

ಹಾಲು ಬಿಡಿಸುವುದಕ್ಕೆ ಹಾರ ಯಾಕೆ?

ಮೇಷ್ಟ್ರ ಟೋಪಿ, ಅವರ ಕಣ್ಣೀರು, ತನ್ನ ಕೆನ್ನೆಯ ಕೆಳಗಿನ ಅಂಗೈ, ಎಲ್ಲವೂ ಒಟ್ಟಿಗೆ ನೆನಪಾದವು. "ಅಯ್ಯೋ!" ಎಂದು ಬಾಯಿಬಿಟ್ಟು ಕೂಗಿ, ಗಂಡನ ಅಂಗಿಯಲ್ಲೇ ಮೆಟ್ಟಿಲಿಳಿದು ಓಡಿದಳು. ಆ ಕೂಗನ್ನು ಶೋಕವೆಂದು ತಿಳಿದು ಜನ ದಾರಿ ಬಿಟ್ಟರು. ಅಷ್ಟರಲ್ಲಿ ಮೇಷ್ಟ್ರು ನರ್ಸಮ್ಮನ ಬಾಗಿಲನ್ನು ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿಯಾಗಿತ್ತು.

ಬಾಗಿಲು ತೆರೆದವರು ನರ್ಸಮ್ಮ.

ಮೇಷ್ಟ್ರ ಕಂಕುಳಿನ ಚೆಂಡು ಜಾರಿ ಬಿತ್ತು. ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ಹಿಂದಿದ್ದ ಇಸ್ತ್ರಿಯವನು ಬಂದು ಅವರಿಗೆ ಡಿಕ್ಕಿ ಹೊಡೆದ. ಹಾರ ನೇರವಾಗಿ ನರ್ಸಮ್ಮನ ಕೈಗೆ ಹೋಯಿತು.

"ನೀವು... ನೀವು ಇದೀರಾ?" ಎಂದರು ಮೇಷ್ಟ್ರು.

"ಇನ್ನೆಲ್ಲಿಗೆ ಹೋಗ್ಲಿ? ಇದೇನಿದು ಹಾರ? ಹುಟ್ಟಿದ ದಿನಾನೂ ಅಲ್ಲ!"

"ಹುಟ್ಟಿದ್ದಕ್ಕಲ್ಲ ತಂದಿದ್ದು," ಎಂದು ಇಸ್ತ್ರಿಯವನು ಗೊಣಗಿದ.

ನರ್ಸಮ್ಮ ಬಾಗಿಲು ಮುಚ್ಚಲು ನೋಡಿದರು. ಮುಚ್ಚಲು ಅವರಿಗೆ ಬೇರೆಯೇ ಕಾರಣವಿತ್ತು. ಆದರೆ ಹೊಲಿಗೆಯವಳು ಅವರ ತೋಳಿನಡಿ ನುಸುಳಿ ಒಳಗೆ ಹೋಗಿಬಿಟ್ಟಿದ್ದಳು. ಮಂಚದ ಮೇಲೆ ನರ್ಸಮ್ಮನ ಮಗಳು ದಿಂಬಿಗೊರಗಿ ಕೂತಿದ್ದಳು. ಪಕ್ಕದಲ್ಲಿ ಎಳೆಕೂಸು ನಿದ್ದೆ ಹೋಗಿತ್ತು. ಬಾಣಂತಿಯ ತೊಡೆಯ ಮೇಲೆ ಉದ್ದಕ್ಕೆ ಕಾಲು ಚಾಚಿ, ಒಂದು ಕೈಯಲ್ಲಿ ತನ್ನ ಕಾಲ ಹೆಬ್ಬೆರಳನ್ನು ಆಡಿಸುತ್ತಾ ಗುಬ್ಬಿ ಹಾಲು ಕುಡಿಯುತ್ತಿದ್ದಳು.

ಗುಬ್ಬಿ ಒಂದು ಕಣ್ಣು ತಿರುಗಿಸಿ ತಾಯಿಯನ್ನು ನೋಡಿದಳು. ಬಾಯಿ ಬಿಡಿಸಿಕೊಂಡು, "ಅಮ್ಮ, ಕೂತ್ಕೋ" ಎಂದು ನೆಂಟರಿಗೆ ಹೇಳುವಂತೆ ಹೇಳಿ ಮತ್ತೆ ಕೆಲಸಕ್ಕೆ ತೊಡಗಿದಳು.

ಹೊಲಿಗೆಯವಳು ಕೂತಳು.

"ಒಂದೇ ಸಲ ಅಂತ ಕೊಟ್ಟೆ ಅಕ್ಕಾ," ಎಂದಳು ಬಾಣಂತಿ. "ಆಮೇಲೆ ಅವಳೇ ಬಂದು ಬಂದು ಗುಂಡಿ ಬಿಚ್ಚಿದ್ಲು."

"ಮನಸ್ಸು ಗಟ್ಟಿ ಮಾಡ್ಕೋ ಅಂದಿದ್ರಿ," ಎಂದಳು ಹೊಲಿಗೆಯವಳು ನರ್ಸಮ್ಮನಿಗೆ.

ನರ್ಸಮ್ಮ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದಿದ್ದರು. "ಎಷ್ಟೋ ತಾಯಂದಿರಿಗೆ ಹಾಗೇ ಹೇಳಿದೀನಿ. ಹೇಳಿ ಮುಂದಿನ ಮಂಚಕ್ಕೆ ಹೋಗ್ಬಿಡ್ತಿದ್ದೆ ಕಣೇ. ಅಳು ಕೇಳ್ತಾ ಕೂತ್ಕೊಂಡಿದ್ದು ಇವತ್ತೇ ಮೊದಲು."

ಗುಬ್ಬಿ ಗುಟುಕರಿಸುವ ಸದ್ದೊಂದೇ ಕೇಳುತ್ತಿತ್ತು. ಆ ಸದ್ದು ಹೊಲಿಗೆಯವಳಿಗೆ ಪರಿಚಿತವೇ, ಅದು ತನ್ನ ಮೈಯಿಂದ ದೂರದಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ಮಾತ್ರ ಈವರೆಗೆ ತಿಳಿದಿರಲಿಲ್ಲ.

ನರ್ಸಮ್ಮ ಬೇಗ ಚೇತರಿಸಿಕೊಂಡರು. "ಸರಿ, ಆಗಿದ್ದು ಆಯ್ತು. ನನ್ನ ಮಗಳಿಗೆ ಎರಡು ಮಕ್ಕಳಿಗೆ ಕುಡಿಸೋ ತ್ರಾಣ ಇಲ್ಲ. ನಾಳೆ ಇವಳ ಹಾಲು ಬಿಡಿಸ್ಬೇಕು. ಗುಬ್ಬಿ ದಿನವೆಲ್ಲ ನಿನ್ನ ಹತ್ರಾನೇ ಇರ್ಲಿ. ಎಷ್ಟೇ ಅತ್ರೂ ಕೆಳಗೆ ಕಳಿಸ್ಬೇಡ."

"ನಾಡಿದ್ದು ಫ್ಯಾಕ್ಟರಿ?"

"ನಾಡಿದ್ದಿಂದು ನಾಡಿದ್ದು. ನಾಳೆ ಮಾತ್ರ ಹೇಗಾದ್ರೂ ಸಮಾಧಾನ ಮಾಡು. ತಾಯಿ ತಾನೆ ನೀನು?"

"ಆಗ್ಲಿ," ಎಂದಳು ಹೊಲಿಗೆಯವಳು, ಕಷ್ಟದ ಕೆಲಸವೊಂದನ್ನು ಒಪ್ಪಿಕೊಂಡವಳ ಗಂಭೀರ ಮುಖದಲ್ಲಿ. ಒಳಗೊಳಗೇ ಮಾತ್ರ, ನಾಳೆಯ ತನಕ ಕಾಯುವುದು ಹೇಗೆಂದೇ ಅವಳಿಗೆ ತಿಳಿಯಲಿಲ್ಲ.